ವರನ ಸಿಬಿಲ್ ಸ್ಕೋರು

ನಗೋಯಾ
೨೦ ಜನವರಿ ೨೦೨೬, ಮಂಗಳವಾರ

ಸರಸ್ವತಿಪುರಂನಲ್ಲಿರುವ ನನ್ನ ಯಜಮಾನರಿಗೆ, ಸಮುದ್ರದ ಆಚೆಯಿಂದ ನಿಮ್ಮ ಚಾಮು ಮಾಡುವ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಮಂಡಿನೋವು ಅರ್ಧಕ್ಕರ್ಧ ಇಳಿದಿದೆ. ಇಲ್ಲಿ ಕರೆಂಟಿನಿಂದ ಬಿಸಿಯಾಗುವ ಜಮಖಾನೆಯೊಂದಿದೆ, ಅದರ ಮೇಲಿಂದ ನನ್ನನ್ನು ಎಬ್ಬಿಸುವುದೇ ನಿಮ್ಮ ಮಗಳು ಅಪರ್ಣಾಗೆ ದೊಡ್ಡ ಕೆಲಸವಾಗಿದೆ. ನೀವು ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ, ಹಪ್ಪಳದ ಡಬ್ಬಿಗೆ ಕೈ ಹಾಕುತ್ತಿಲ್ಲ ಎಂದು ನಂಬಿದ್ದೇನೆ. ಎರಡನೆಯದನ್ನು ಸ್ವಲ್ಪ ಕಡಿಮೆ ನಂಬಿದ್ದೇನೆ.

ದಿನಾ ವಿಡಿಯೋದಲ್ಲಿ ಮುಖ ತೋರಿಸುವ ಹೆಂಡತಿ ಅಂಚೆಯಲ್ಲಿ ಕಾಗದ ಯಾಕೆ ಹಾಕಿದಳು ಎಂದು ಕನ್ನಡಕ ಹುಡುಕುತ್ತಿರಬೇಕು ನೀವು. ಫೋನಿನಲ್ಲಿ ಧೀರಜ್ ಎಂದು ನಾನು ಬಾಯಿ ತೆರೆದರೆ ಸಾಕು, ‘ಟವರ್ ಸಿಗ್ತಿಲ್ಲ ಕಣೆ’ ಎನ್ನುತ್ತೀರಿ. ಮನೆಯ ಹಿಂದೆಯೇ ಟವರ್ ಇದೆ ಎಂಬುದು ನನಗೆ ಗೊತ್ತಿಲ್ಲವೇ? ವಿಮಾ ಕಂಪನಿಯ ಮೋಟಾರು ಕ್ಲೇಮ್ ವಿಭಾಗದಲ್ಲಿ ಕೂತು, ಬಂದವರಿಗೆಲ್ಲ ‘ಏನಿದ್ರೂ ಬರವಣಿಗೇಲಿ ಕೊಡಿ’ ಎಂದು ಸರ್ವೀಸು ಮುಗಿಸಿದವರು ನೀವು. ನಾನೂ ಬರವಣಿಗೆಯಲ್ಲೇ ಕೊಡುತ್ತಿದ್ದೇನೆ. ಮಧ್ಯದಲ್ಲಿ ಮಾತು ಕತ್ತರಿಸಲು ನಿಮಗೆ ಅವಕಾಶವಿಲ್ಲ ಎನ್ನುವುದು ಇದರ ದೊಡ್ಡ ಅನುಕೂಲ.

ನೀವು ನನ್ನನ್ನು ಇಲ್ಲಿಗೆ ಕಳಿಸಿದ ಕೆಲಸವನ್ನು ನಾನು ಮರೆತಿಲ್ಲ. ಅಪರ್ಣಾ ಧೀರಜ್‌ನನ್ನು ಮದುವೆಯಾಗುತ್ತೇನೆ ಎಂದಳು. ನೀವು ಜಾತಕ ಕೇಳುವ ಜೊತೆಗೆ ಹುಡುಗ ಸಾಲ ತೀರಿಸಿದ ಚರಿತ್ರೆ ಹೇಳುವ ಸಿಬಿಲ್ ರಿಪೋರ್ಟನ್ನೂ ಕೇಳಿದಿರಿ. ಆ ಮಹಾರಾಯ ಎರಡನ್ನೂ ಒಂದೇ ಇಮೇಲಿನಲ್ಲಿ ಕಳಿಸಿದ. ಜಾತಕ ಕೂಡಿಬಂತು, ಸ್ಕೋರು ಕೂಡಿಬರಲಿಲ್ಲ. ‘ಹೊರದೇಶದಲ್ಲಿ ಕಾರಿಗೆ ವಿಮೆ ಮಾಡೋರೇ ಮೊದಲು ಇದನ್ನ ನೋಡ್ತಾರೆ, ಮಗಳನ್ನ ಕೊಡೋನು ನೋಡ್ಬಾರ್ದಾ? ಕಂತು ಕಟ್ಟದೋನು ಬ್ರೇಕೂ ಒತ್ತಲ್ಲ’ ಎಂದು ತೀರ್ಪು ಕೊಟ್ಟು, ಹುಡುಗಿಗೆ ಬುದ್ಧಿ ಹೇಳಿ ಬಾ ಎಂದು ನನ್ನನ್ನು ವಿಮಾನ ಹತ್ತಿಸಿದಿರಿ.

ಬುದ್ಧಿ ಹೇಳುವ ಮೊದಲು ವಿಚಾರಿಸಬೇಕಲ್ಲ? ನಮ್ಮ ಬೀದಿಯಲ್ಲಿ ಯಾರ ಮನೆಯ ಸಂಬಂಧವಿದ್ದರೂ ವಿಚಾರಿಸಲು ನನ್ನನ್ನೇ ಕಳಿಸುತ್ತಾರೆ. ಹಾಲಿನವನು, ಇಸ್ತ್ರಿಯವನು, ಎದುರುಮನೆ ಅಜ್ಜಿ, ಈ ಮೂವರನ್ನು ಮಾತಾಡಿಸಿದರೆ ಹುಡುಗನ ಒಳ ಹೊರಗೆಲ್ಲ ನನಗೆ ತಿಳಿಯುತ್ತದೆ. ಈ ದೇಶದಲ್ಲಿ ಹಾಲಿನವನೂ ಇಲ್ಲ, ಇಸ್ತ್ರಿಯವನೂ ಇಲ್ಲ. ಹಾಲು ಕೊಂಬಿನಿ ಎಂಬ ಅಂಗಡಿಯಲ್ಲಿ ಸಿಗುತ್ತದೆ, ಆ ಅಂಗಡಿಯವರು ತಲೆ ಬಗ್ಗಿಸಿ ಅರಿಗಾತೋ ಎಂದು ಧನ್ಯವಾದ ಹೇಳುತ್ತಾರೆಯೇ ಹೊರತು ಯಾರ ಮನೆಯ ವಿಷಯವನ್ನೂ ಬಾಯಿ ಬಿಡುವುದಿಲ್ಲ.

ಧೀರಜ್ ಇರುವುದು ಹಮಾಮತ್ಸುವಿನಲ್ಲಿ. ಅಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿ ಎಂಜಿನಿಯರ್. ಒಂದು ಭಾನುವಾರ ಅವನ ಮನೆಗೆ ಹೋದಾಗ ಅಪರ್ಣಾಳನ್ನು ದುಭಾಷಿ ಮಾಡಿಕೊಂಡು ಪಕ್ಕದ ಮನೆಯ ಮೊಚಿಜುಕಿ-ಸಾನ್ ಎಂಬ ಹೆಂಗಸನ್ನು ಹಿಡಿದೆ. ‘ನಮ್ಮಮ್ಮ ಹೀಗೆಲ್ಲ ಕೇಳ್ತಾರೆ, ಸುಮಿಮಾಸೆನ್’ ಎಂದು ಅಪರ್ಣಾ ನನ್ನ ಪ್ರಶ್ನೆಗಿಂತ ಉದ್ದವಾಗಿ ಕ್ಷಮೆ ಕೇಳಿದಳು. ಮೊಚಿಜುಕಿ-ಸಾನ್ ತುಂಬಾ ಯೋಚನೆ ಮಾಡಿ ಒಂದೇ ಮಾತು ಹೇಳಿದರು: ಸುಡುವ ಕಸವನ್ನು ಸುಡುವ ಕಸದ ದಿನವೇ ಹೊರಗಿಡುತ್ತಾನೆ, ಪ್ಲಾಸ್ಟಿಕ್ ಬಾಟಲಿಯನ್ನು ತೊಳೆದು, ಮುಚ್ಚಳ ಬೇರೆ ಮಾಡಿ ಇಡುತ್ತಾನೆ. ನನಗೆ ನಗು ಬಂತು. ಆದರೆ ಈ ಊರಿನವರಿಗೆ ಅದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲವಂತೆ. ನಮ್ಮ ಮನೆಯ ಕಸದ ಬಗ್ಗೆ ಮಹಾನಗರಪಾಲಿಕೆಯವರನ್ನು ಕೇಳಿದರೆ ನಿಮ್ಮ ಬಗ್ಗೆ ಏನು ಹೇಳಿಯಾರು ಎಂದು ಯೋಚಿಸಿ, ಮುಂದಕ್ಕೆ ಓದಿ.

ಆಮೇಲೆ ಸ್ಕೋರಿನ ವಿಷಯವನ್ನು ಅವನನ್ನೇ ನೇರವಾಗಿ ಕೇಳಿದೆ. ಬೆಂಗಳೂರಿನಲ್ಲಿದ್ದಾಗ ಒಂದು ಕ್ರೆಡಿಟ್ ಕಾರ್ಡ್ ಇತ್ತಂತೆ. ಜಪಾನಿಗೆ ಬರುವಾಗ ಬಾಕಿಯೆಲ್ಲ ತೀರಿಸಿ, ಕಾರ್ಡನ್ನು ಕತ್ತರಿಯಿಂದ ಎರಡು ತುಂಡು ಮಾಡಿ ಕಸಕ್ಕೆ ಹಾಕಿದನಂತೆ. ಬ್ಯಾಂಕಿಗೆ ಹೇಳಿ ಮುಚ್ಚಿಸಬೇಕು ಎಂಬುದು ತಲೆಗೆ ಹೊಳೆದಿಲ್ಲ. ಬೆಂಗಳೂರಿನ ಸಿಮ್ಮಿಗೂ ರೀಚಾರ್ಜ್ ಮಾಡಿಸಲಿಲ್ಲ. ಕಾರ್ಡಿನ ವಾರ್ಷಿಕ ಶುಲ್ಕ ಬಿತ್ತು, ಅದಕ್ಕೆ ಬಡ್ಡಿ ಬಿತ್ತು, ಬಡ್ಡಿಗೆ ದಂಡ ಬಿತ್ತು, ಮೆಸೇಜುಗಳೆಲ್ಲ ಸತ್ತ ನಂಬರಿಗೆ ಹೋದವು. ಸ್ವಲ್ಪ ದಿನದ ಮೇಲೆ ಆ ನಂಬರು ದಾವಣಗೆರೆಯ ಒಬ್ಬ ಮಂಡಕ್ಕಿ ವ್ಯಾಪಾರಿಯ ಪಾಲಾಯಿತು. ವಸೂಲಿಯವರು ಫೋನ್ ಮಾಡಿದಾಗಲೆಲ್ಲ ಆ ಪುಣ್ಯಾತ್ಮ ಬೈದು ಇಡುತ್ತಿದ್ದನಂತೆ. ಧೀರಜ್‌ಗೆ ಇದೆಲ್ಲ ತಿಳಿದದ್ದು ಯಾವಾಗ ಗೊತ್ತೇ? ನೀವು ರಿಪೋರ್ಟ್ ಕೇಳಿ, ಅವನು ಅದನ್ನು ತೆಗೆಸಿದ ದಿನ. ಅಂದೇ ಪೂರ್ತಿ ಕಟ್ಟಿದ್ದಾನೆ. ಕಟ್ಟಿದರೂ ಕಲೆ ಹೋಗುವುದಕ್ಕೆ ವರ್ಷಗಳು ಬೇಕಂತೆ.

‘ಅಂಕಲ್‌ಗೆ ಯಾಕೆ ಹೇಳ್ಲಿಲ್ಲ?’ ಎಂದು ಕೇಳಿದೆ. ‘ಅವ್ರು ರಿಪೋರ್ಟ್ ಕೇಳಿದ್ರು, ಕಳಿಸ್ದೆ. ಕಾರಣ ಕೇಳ್ಲಿಲ್ವಲ್ಲ ಆಂಟಿ. ನಾನಾಗೇ ಹೇಳಿದ್ರೆ ಸಬೂಬು ಅನ್ಕೋತಾರೆ ಅಂತ ಸುಮ್ನಾದೆ’ ಎಂದ. ಹುಡುಗನಿಗೆ ಪೆದ್ದುತನ ಇದೆ, ಒಪ್ಪುತ್ತೇನೆ. ಕಳ್ಳತನ ಇಲ್ಲ.

ಈಗ ನಿಮ್ಮ ಆ ದೊಡ್ಡ ವಾದಕ್ಕೆ ಬರುತ್ತೇನೆ. ಕಾರಿನ ವಿಮೆಯವರು ಸಾಲದ ಚರಿತ್ರೆಯನ್ನು ಯಾಕೆ ನೋಡುತ್ತಾರೆ? ನೀವು ಪೇಪರಿನಲ್ಲಿ ಓದಿದ್ದು, ನಮ್ಮ ಮಗಳಾದರೋ ಅದೇ ಕೆಲಸದಲ್ಲಿರುವವಳು. ಅವಳ ಕಂಪನಿ ಬೇರೆ ದೇಶದ ಒಂದು ಕಾರು ವಿಮೆಯವರಿಗೆ ಸಾಫ್ಟ್‌ವೇರ್ ಮಾಡಿಕೊಡುತ್ತದೆ. ಯಾರಿಗೆ ಎಷ್ಟು ಪ್ರೀಮಿಯಂ ಎಂದು ಲೆಕ್ಕ ಹಾಕುವ ತಂಡದಲ್ಲೇ ಇವಳಿದ್ದಾಳೆ. ಅಪ್ಪ ಅವಳ ಮದುವೆ ಮುರಿದದ್ದು ಅವಳದೇ ಕಸುಬಿನ ಆಯುಧದಿಂದ ಎಂದು ಹೇಳಿಕೊಂಡು ಒಂದು ದಿನ ನಕ್ಕಳು, ಇನ್ನೊಂದು ದಿನ ಅತ್ತಳು.

ನಾನು ಕೇಳಿದ್ದಕ್ಕೆ ಅವಳು ಹೇಳಿದ್ದು ಹೀಗೆ: ‘ಅಮ್ಮ, ಅದು ಒಬ್ಬೊಬ್ರ ಬಗ್ಗೆ ಏನೂ ಹೇಳಲ್ಲ. ಲಕ್ಷಾಂತರ ಜನರನ್ನ ಒಟ್ಟಿಗೆ ಇಟ್ಟು ನೋಡಿದ್ರೆ, ಬಿಲ್ ಲೇಟಾಗಿ ಕಟ್ಟೋ ಗುಂಪು ಕ್ಲೇಮ್ ಸ್ವಲ್ಪ ಜಾಸ್ತಿ ಹಾಕುತ್ತೆ. ಯಾಕೆ ಅಂತ ಕೇಳಿದ್ರೆ ನಮ್ ಆಫೀಸಲ್ಲೇ ಜಗಳ ಆಗುತ್ತೆ.’ ಕೆಲವರು ನಿಮ್ಮ ಹಾಗೆಯೇ, ತಾರೀಕಿನಲ್ಲಿ ಎಚ್ಚರ ಇರುವವನಿಗೆ ರಸ್ತೆಯಲ್ಲೂ ಎಚ್ಚರ ಇರುತ್ತದೆ ಎನ್ನುತ್ತಾರಂತೆ. ಇನ್ನು ಕೆಲವರು, ಕೈಯಲ್ಲಿ ದುಡ್ಡಿದ್ದವನು ಸಣ್ಣ ಗೀರನ್ನು ತಾನೇ ರಿಪೇರಿ ಮಾಡಿಸಿಕೊಂಡು ಸುಮ್ಮನಿರುತ್ತಾನೆ, ಇಲ್ಲದವನು ಕ್ಲೇಮಿಗೆ ಬರುತ್ತಾನೆ, ಅಷ್ಟೇ ವ್ಯತ್ಯಾಸ ಎನ್ನುತ್ತಾರಂತೆ. ಇದನ್ನು ಕೇಳಿ ನನಗೆ ನೀವೇ ನೆನಪಾದಿರಿ. ‘ಬಂಪರ್ ತಟ್ಟಿಸ್ಕೊಳ್ಳೋಕೂ ಗತಿ ಇಲ್ದೋರೇ ಕಣೆ ನನ್ನ ಟೇಬಲ್ ಮುಂದೆ ಬರೋದು, ದೊಡ್ಡ ಮನುಷ್ಯರು ಬರೋದೇ ಇಲ್ಲ’ ಎಂದು ಊಟದ ತಟ್ಟೆಯ ಮುಂದೆ ಎಷ್ಟು ಸಲ ಹೇಳಿದ್ದೀರಿ! ಆಗ ನಿಮಗೆ ಅವರ ಮೇಲೆ ಅಯ್ಯೋ ಎನಿಸುತ್ತಿತ್ತು. ಎಷ್ಟೋ ಜನರ ಅರ್ಜಿಯನ್ನು ನೀವೇ ಕೂತು ತುಂಬಿಕೊಟ್ಟಿದ್ದೀರಿ. ಭಾವಿ ಅಳಿಯನ ವಿಷಯಕ್ಕೆ ಬಂದಾಗ ಆ ಅಯ್ಯೋ ಎಲ್ಲಿ ಹೋಯಿತು?

ನನ್ನ ಬುದ್ಧಿಗೆ ತಿಳಿದಂತೆ ಇದು ಮದುವೆಮನೆಯ ಅಡಿಗೆಭಟ್ಟರ ಲೆಕ್ಕ. ಐನೂರು ಎಲೆ ಬೀಳುತ್ತದೆ ಎಂದರೆ ಎಷ್ಟು ಸೇರು ಅಕ್ಕಿ ಹಾಕಬೇಕು ಎಂಬುದು ಅವರಿಗೆ ಗೊತ್ತು, ತಪ್ಪುವುದಿಲ್ಲ. ಹಾಗೆಂದು ಪಂಕ್ತಿಯಲ್ಲಿ ಕೂತ ಒಬ್ಬ ಸಣಕಲನನ್ನು ನೋಡಿ, ಇವನು ತಿನ್ನುವುದು ಇಷ್ಟೇ ಎಂದು ಸಾರು ಸುರಿಯದೆ ಮುಂದೆ ಹೋದರೆ ಏನಾಗುತ್ತದೆ? ಸಂತೆಗೆ ಹಾಕುವ ಲೆಕ್ಕವನ್ನು ನೀವು ಒಬ್ಬ ಧೀರಜ್‌ನ ಮೇಲೆ ಹಾಕಿದ್ದೀರಿ.

ಜಪಾನಿನಲ್ಲಿ ಕಾರಿನ ವಿಮೆಗೆ ಈ ಸಾಲದ ಚರಿತ್ರೆ ನೋಡುವುದಿಲ್ಲವಂತೆ. ಇಲ್ಲಿ ಮೆಟ್ಟಿಲುಗಳಿವೆ. ಹೊಸಬರೆಲ್ಲ ಆರನೇ ಮೆಟ್ಟಿಲಿನಿಂದ ಶುರು. ಒಂದು ವರ್ಷ ಕ್ಲೇಮ್ ಇಲ್ಲದೆ ಓಡಿಸಿದರೆ ಒಂದು ಮೆಟ್ಟಿಲು ಮೇಲಕ್ಕೆ, ಪ್ರೀಮಿಯಂ ಕಡಿಮೆ. ಅಪಘಾತ ಮಾಡಿ ವಿಮೆಯಿಂದ ದುಡ್ಡು ಕೊಡಿಸಿದರೆ ಮೂರು ಮೆಟ್ಟಿಲು ಕೆಳಕ್ಕೆ. ಧೀರಜ್ ತನ್ನ ಹಳದಿ ನಂಬರ್ ಪ್ಲೇಟಿನ ಪುಟ್ಟ ಕಾರಿನಲ್ಲಿ ಇಷ್ಟು ವರ್ಷ ಒಂದು ಗೀರೂ ಇಲ್ಲದೆ ಮೇಲೆ ಹತ್ತಿಕೊಂಡು ಬಂದಿದ್ದ.

‘ಬಂದಿದ್ದ’ ಎಂದು ಬರೆದದ್ದನ್ನು ಗಮನಿಸಿದಿರಿ ಎಂದುಕೊಳ್ಳುತ್ತೇನೆ. ನಿಮ್ಮ ಕಣ್ಣಿಗೆ ಅಂಥದ್ದು ತಪ್ಪುವುದಿಲ್ಲ.

ಮೊನ್ನೆ ಭಾನುವಾರ ಮತ್ತೆ ಹಮಾಮತ್ಸುವಿಗೆ ಹೋಗಿದ್ದೆವು. ಸಂಕ್ರಾಂತಿಯ ಎಳ್ಳುಬೆಲ್ಲ ಕೊಟ್ಟ ಹಾಗಾಯಿತು, ಸಮುದ್ರದ ದಂಡೆಯ ಮರಳುಗುಡ್ಡ ನೋಡಿದ ಹಾಗಾಯಿತು ಎಂದು ಮೂವರೂ ಹೊರಟೆವು. ಚಳಿಗಾಲದಲ್ಲಿ ಆ ಊರಿನ ಗಾಳಿ ಎಂದರೆ ನಮ್ಮ ಚಾಮುಂಡಿಬೆಟ್ಟದ ಮೇಲಿನ ಗಾಳಿ ಅದರ ಮುಂದೆ ಬೀಸಣಿಗೆ. ಕಾರು ನಿಲ್ಲಿಸುವ ಜಾಗದಲ್ಲಿ ಧೀರಜ್ ಏನೋ ಹೇಳುತ್ತಿದ್ದ, ನಾನು ಸಮುದ್ರ ನೋಡುವ ಆತುರದಲ್ಲಿ ಬಾಗಿಲು ತೆರೆದೆ. ಗಾಳಿ ಬಾಗಿಲನ್ನು ನನ್ನ ಕೈಯಿಂದ ಕಿತ್ತುಕೊಂಡು ಪಕ್ಕದ ಕಾರಿಗೆ ಬಡಿಯಿತು. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಕಪ್ಪು ಕಾರು. ಅದರ ಬಾಗಿಲಿನಲ್ಲಿ ನಿಂಬೆಹಣ್ಣು ಕೂರುವಷ್ಟು ತಗ್ಗು.

ಸುತ್ತ ಒಂದು ನರಪಿಳ್ಳೆಯೂ ಇರಲಿಲ್ಲ. ಮೋಟಾರು ಕ್ಲೇಮಿನ ಅಧಿಕಾರಿಯ ಹೆಂಡತಿಯಾದ ನನ್ನ ಬಾಯಿಂದ ಮೊದಲು ಬಂದ ಮಾತು ಏನು ಗೊತ್ತೇ? ‘ಯಾರೂ ನೋಡ್ಲಿಲ್ಲ, ನಡೀರೋ ಹೋಗೋಣ.’ ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ಅಪರ್ಣಾ ನನ್ನನ್ನು ದುರುಗುಟ್ಟಿ ನೋಡಿದಳು. ಧೀರಜ್ ನೋಡಲೂ ಇಲ್ಲ, ಆಗಲೇ ಪೊಲೀಸರಿಗೆ ಫೋನ್ ಮಾಡುತ್ತಿದ್ದ. ನಿಂಬೆಹಣ್ಣಿನಷ್ಟು ತಗ್ಗಿಗೆ ಪೊಲೀಸರು! ನನ್ನನ್ನು ಜಪಾನಿನ ಜೈಲಿಗೆ ಹಾಕುತ್ತಾರೆ, ಅಲ್ಲಿ ಹುಳಿ ಅನ್ನ ಸಿಗುವುದಿಲ್ಲ ಎಂದು ನಾನು ಕಾರಿನೊಳಗೆ ಕೂತು ಲಲಿತಾ ಸಹಸ್ರನಾಮ ಶುರು ಮಾಡಿದೆ.

ಇಬ್ಬರು ಬಂದರು. ಮೊದಲು ನಮಗೆ ತಲೆ ಬಗ್ಗಿಸಿದರು, ಆಮೇಲೆ ಟೇಪು ಹಿಡಿದು ತಗ್ಗನ್ನು ಅಳೆದರು. ಒಬ್ಬರು ಫೋಟೋ ತೆಗೆಯುವಾಗ ಇನ್ನೊಬ್ಬರು ಅವರ ಟೋಪಿ ಹಾರಿಹೋಗದಂತೆ ಹಿಡಿದುಕೊಂಡಿದ್ದರು. ಅಷ್ಟರಲ್ಲಿ ಕಾರಿನ ಯಜಮಾನರು ಬಂದರು, ಗಾಳಿಪಟ ಹಿಡಿದ ಒಬ್ಬ ವಯಸ್ಸಾದವರು. ಅವರೂ ತಲೆ ಬಗ್ಗಿಸಿದರು. ನಾನೂ ಕುತ್ತಿಗೆ ಹಿಡಿದುಕೊಳ್ಳುವವರೆಗೂ ತಲೆ ಬಗ್ಗಿಸಿ ಸುಮಿಮಾಸೆನ್ ಅಂದೆ. ಬಾಗಿಲು ತೆರೆದದ್ದು ನಾನೇ ಎಂದು ಧೀರಜ್ ಇದ್ದದ್ದನ್ನು ಇದ್ದ ಹಾಗೆ ಹೇಳಿದ, ಆದರೆ ಗಾಳಿಯ ವಿಷಯ ಕಾರು ನಿಲ್ಲಿಸುವ ಮೊದಲೇ ಹೇಳಬೇಕಾಗಿತ್ತು, ಅದು ತನ್ನ ತಪ್ಪು ಎಂದೂ ಸೇರಿಸಿದನಂತೆ. ಪೊಲೀಸರು ನನ್ನ ಕಡೆ ತಿರುಗಿ ಏನೋ ಹೇಳಿದರು. ಮುಂದಿನ ಸಲ ಎರಡೂ ಕೈಯಲ್ಲಿ ಹಿಡಿದುಕೊಳ್ಳಿ, ಈ ಊರಿಗೆ ಹೊಸದಾಗಿ ಬಂದವರಿಗೆಲ್ಲ ಹೀಗಾಗುತ್ತದೆ ಎಂದರಂತೆ.

ಇಡೀ ಬಾಗಿಲನ್ನೇ ಬದಲಿಸಬೇಕಾಗಬಹುದು ಎಂದು ಗ್ಯಾರೇಜಿನವರು ಹೇಳಿದ್ದಾರೆ. ನಾನು ಕೊಡುತ್ತೇನೆ ಎಂದು ಪರ್ಸು ತೆಗೆದರೆ ಧೀರಜ್ ನಕ್ಕುಬಿಟ್ಟ. ಅವನ ವಿಮೆಯಿಂದಲೇ ಹೋಗುತ್ತದೆ. ಅವನು ಇಷ್ಟು ವರ್ಷ ಹತ್ತಿದ ಮೆಟ್ಟಿಲುಗಳಲ್ಲಿ ಮೂರು ನನ್ನಿಂದ ಹೋದವು. ವಾಪಸು ಬರುವಾಗ ದಾರಿಯುದ್ದಕ್ಕೂ ನಾನು ಆ ಮೂರು ಮೆಟ್ಟಿಲುಗಳನ್ನೇ ಎಣಿಸುತ್ತಾ ಕೂತೆ. ಅವನೇ ಹಿಂದೆ ತಿರುಗದೆ, ‘ಆಂಟಿ, ಎಳ್ಳುಬೆಲ್ಲ ಇನ್ನೂ ಇದ್ಯಾ?’ ಎಂದು ಕೈ ಚಾಚಿದ. ನನ್ನ ಮನಸ್ಸು ಹಗುರ ಮಾಡುವುದಕ್ಕೆ ಕೇಳಿದ ಎಂದು ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು ನನಗೆ. ನಿಮ್ಮ ಹತ್ತಿರ ಮುಚ್ಚಿಡುವುದೇನು, ಆ ಗಳಿಗೆಯಲ್ಲೇ ನಾನು ಅವನನ್ನು ಅಳಿಯ ಎಂದು ಒಪ್ಪಿಕೊಂಡೆ.

ನಾಳೆ ನಿಮ್ಮಂಥ ಯಾರಾದರೂ ಅವನ ಜಪಾನಿನ ಕಡತ ತೆಗೆದು ನೋಡಿದರೆ ‘ಅಪಘಾತ, ಮೂರು ಮೆಟ್ಟಿಲು ಇಳಿಕೆ’ ಎಂದಷ್ಟೇ ಇರುತ್ತದೆ. ಚಾಮುಂಡೇಶ್ವರಿ ಎಂಬ ಮೈಸೂರಿನ ಹೆಂಗಸೊಬ್ಬಳು ಆತುರಪಟ್ಟಳು, ಓಡಿಹೋಗೋಣ ಎಂದೂ ಹೇಳಿದಳು, ಇವನು ಒಪ್ಪಲಿಲ್ಲ ಎಂದು ಅದರಲ್ಲಿ ಇರುವುದಿಲ್ಲ.

ಇನ್ನೊಂದು ತಮಾಷೆ ಕೇಳಿ. ನಿನ್ನೆ ಅಪರ್ಣಾ ನನ್ನ ಪ್ಯಾನ್ ನಂಬರ್ ಹಾಕಿ ನನ್ನ ಸಿಬಿಲ್ಲನ್ನೂ ತೆಗೆದಳು. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ, ಏನೇನೂ ಇಲ್ಲ. ಮದುವೆಯಾದಾಗಿನಿಂದ ಶೆಟ್ಟರ ಅಂಗಡಿಯ ಲೆಕ್ಕ, ಚೀಟಿ, ಮಗಳ ಕಾಲೇಜಿನ ಫೀಸು ಎಲ್ಲವನ್ನೂ ತೂಗಿಸಿದ ಕೈ ನನ್ನದು. ಬಾಕಿ ಕೇಳಿ ಬಾಗಿಲಿಗೆ ಬಂದ ಯಾರನ್ನೂ ಒಂದು ದಿನವೂ ಸುಳ್ಳು ಹೇಳಿ ಕಳಿಸಿದವಳಲ್ಲ. ಎಲ್ಲಾ ನಿಮ್ಮ ಹೆಸರಿನಲ್ಲಿತ್ತು, ಹಾಗಾಗಿ ನಿಮ್ಮ ಸ್ಕೋರು ಮುಗಿಲು ಮುಟ್ಟಿದೆ, ನಾನು ಹುಟ್ಟೇ ಇಲ್ಲ. ಒಂದು ಗಳಿಗೆ ಮನಸ್ಸಿಗೆ ಕಸಿವಿಸಿಯಾಯಿತು. ಆಮೇಲೆ ನಗು ಬಂತು. ನಿಮ್ಮ ನಿಯಮದ ಪ್ರಕಾರ ನನಗೆ ಒಂದು ಲೂನಾಕ್ಕೂ ಯಾರೂ ವಿಮೆ ಮಾಡಬಾರದು. ಲೂನಾ ಎಂದದ್ದಕ್ಕೆ ನೆನಪಾಯಿತು, ನಮ್ಮಪ್ಪ ನಿಮ್ಮ ಬಗ್ಗೆ ವಿಚಾರಿಸಿದಾಗ ಸಿಕ್ಕ ಮೊದಲ ಸುದ್ದಿ, ಹುಡುಗ ಲೂನಾದಲ್ಲಿ ಹೋಗಿ ನಿಂತಿದ್ದ ಟಾಂಗಾಕ್ಕೆ ಗುದ್ದಿದ್ದಾನೆ ಎಂದು. ನಮ್ಮ ಸೋದರಮಾವ ಈ ಸಂಬಂಧವೇ ಬೇಡ ಎಂದರು. ಅಪ್ಪ ಮಾತ್ರ, ‘ಇರ್ಲಿ ಬಿಡು, ವಿಮೆ ಕಂಪನೀಲಿ ಕೆಲಸ ಇದ್ಯಲ್ಲ’ ಎಂದು ನಕ್ಕು ತಾಂಬೂಲ ಬದಲಾಯಿಸಿಕೊಂಡರು.

ಇಷ್ಟೆಲ್ಲ ತಮಾಷೆಯ ಕೆಳಗೆ ಇರುವ ವಿಷಯ ಹೇಳುತ್ತೇನೆ. ಅಪರ್ಣಾಳ ಈ ಪ್ರಾಜೆಕ್ಟ್ ಮಾರ್ಚಿಗೆ ಮುಗಿಯುತ್ತದೆ. ಬೆಂಗಳೂರಿಗೆ ವಾಪಸು ಹೋಗುವೆಯೋ, ಹಮಾಮತ್ಸುವಿನ ಹತ್ತಿರ ಬೇರೆ ಕೆಲಸಕ್ಕೆ ಸೇರುವೆಯೋ ಎಂದು ಆಫೀಸಿನವರು ಕೇಳುತ್ತಿದ್ದಾರೆ. ಬರುವ ತಿಂಗಳೊಳಗೆ ಉತ್ತರ ಕೊಡಬೇಕು. ‘ಅಪ್ಪ ಒಪ್ದೆ ನಾನು ಮದುವೆ ಆಗಲ್ಲ ಅಮ್ಮ, ಬೇರೆಯವ್ರನ್ನೂ ಆಗಲ್ಲ’ ಎಂದಿದ್ದಾಳೆ. ಕೂಗಾಡಿ ಹೇಳಿದ್ದರೆ ನಾನು ಹೆದರುತ್ತಿರಲಿಲ್ಲ. ಪಾತ್ರೆ ಒರೆಸುತ್ತಾ ಮೆಲ್ಲಗೆ ಹೇಳಿದಳು. ನಿಮ್ಮ ಭಯ ನನಗೆ ಅರ್ಥವಾಗದೆ ಇಲ್ಲ. ಇರುವವಳು ಒಬ್ಬಳು. ಅವಳಿಗೆ ಏನಾದರೂ ಆದರೆ ಪರಿಹಾರ ಕೊಡುವ ಕಂಪನಿ ಇಲ್ಲ, ಅದಕ್ಕೇ ನೀವು ಸಿಕ್ಕ ಕಾಗದವನ್ನೆಲ್ಲ ಗಟ್ಟಿಯಾಗಿ ಹಿಡಿದುಕೊಂಡಿದ್ದೀರಿ. ಆದರೆ ನೋಡಿ, ನೀವು ಕೂಡ ಅಪಘಾತದ ಕಾಗದ ಬಂತೆಂದು ಅದರ ಮೇಲೇ ಕ್ಲೇಮ್ ಇತ್ಯರ್ಥ ಮಾಡಿದವರಲ್ಲ. ಬಿಸಿಲಿನಲ್ಲಿ ಹೋಗಿ, ಬಗ್ಗಿ, ಕಾರನ್ನು ಕಣ್ಣಾರೆ ನೋಡಿದ ಮೇಲೆಯೇ ಸಹಿ ಹಾಕುತ್ತಿದ್ದಿರಿ. ಈ ಹುಡುಗನನ್ನೂ ಒಂದು ಸಲ ಕಣ್ಣಾರೆ ನೋಡಿ. ನೋಡಿದ ಮೇಲೂ ಬೇಡ ಎಂದರೆ ನಾನು ಬಾಯಿ ಮುಚ್ಚಿಕೊಂಡು ನಿಮ್ಮ ಜೊತೆ ವಾಪಸು ಬರುತ್ತೇನೆ.

ಹೌದು, ‘ನಿಮ್ಮ ಜೊತೆ’ ಎಂದೇ ಬರೆದಿದ್ದೇನೆ. ಪಾಸ್‌ಪೋರ್ಟು ಬೀರುವಿನಲ್ಲಿ ನನ್ನ ರೇಷ್ಮೆ ಸೀರೆಗಳ ಕೆಳಗಿದೆ. ಸ್ವೆಟರ್ ಎರಡು ತನ್ನಿ. ಇಲ್ಲಿಗೆ ಬನ್ನಿ.

ಉತ್ತರವನ್ನು ದಯವಿಟ್ಟು ಬರವಣಿಗೆಯಲ್ಲೇ ಕೊಡಿ.

ನಿಮ್ಮ ಮೇಲೆ ಕೋಪ ಮಾಡಿಕೊಳ್ಳಲು ಬಾರದ,
ಚಾಮು

ತಾ.ಕ.: ವೀಸಾಕ್ಕೆ ಓಡಾಡಬೇಕಲ್ಲ ಎಂದು ನೆಪ ಹೇಳಬೇಡಿ, ಕಾಗದಗಳು ನಾಳೆಯೇ ಇಲ್ಲಿಂದ ಹೊರಡುತ್ತವೆ. ಈ ದೇಶಕ್ಕೆ ನೆಂಟರು ಬರಬೇಕಾದರೆ, ಇವರ ಖರ್ಚು ನನ್ನದು, ಇವರು ಕಾನೂನು ಮೀರುವುದಿಲ್ಲ, ಸರಿಯಾಗಿ ವಾಪಸು ಹೋಗುತ್ತಾರೆ ಎಂದು ಇಲ್ಲಿರುವ ಒಬ್ಬರು ಜಾಮೀನು ನಿಲ್ಲಬೇಕು. ಅಪರ್ಣಾ ಇಲ್ಲಿಗೆ ಬಂದು ಇನ್ನೂ ವರ್ಷ ತುಂಬದ ಕಾರಣ ತೆರಿಗೆಯ ದಾಖಲೆ ಸಿಗಲಿಲ್ಲ, ಅವಳಿಗೆ ನನ್ನ ಪರವಾಗಿ ಜಾಮೀನು ನಿಲ್ಲಲು ಆಗಲಿಲ್ಲ. ನನ್ನ ವೀಸಾ ಕಾಗದ ಬಂದಾಗ ನೀವು ಮಗಳ ಮೇಲಿನ ಕೋಪದಲ್ಲಿ ಅದನ್ನು ಕೈಯಲ್ಲೂ ಮುಟ್ಟಲಿಲ್ಲ, ಅದಕ್ಕೇ ಗೊತ್ತಾಗಲಿಲ್ಲ. ನಿಮ್ಮ ಹೆಂಡತಿ ಡಿಸೆಂಬರಿನಿಂದ ಈ ದೇಶದಲ್ಲಿ ಇರುವುದು ಧೀರಜ್‌ನ ಜಾಮೀನಿನ ಮೇಲೆ. ಈ ಸಂಬಂಧ ಮುರಿಯಲೆಂದೇ ನೀವು ನನ್ನನ್ನು ಕಳಿಸುತ್ತಿದ್ದೀರಿ ಎಂದು ತಿಳಿದೂ ಸಹಿ ಹಾಕಿದ್ದಾನೆ. ಈಗ ನಿಮಗೂ ಹಾಕಿದ್ದಾನೆ. ‘ನಮ್ಮ ಬಗ್ಗೆ ನೀನೇನೂ ವಿಚಾರಿಸ್ಲೇ ಇಲ್ವಲ್ಲೋ’ ಎಂದು ಕೇಳಿದ್ದಕ್ಕೆ, ‘ನೀವು ಅಪರ್ಣಾ ಅಪ್ಪ ಅಮ್ಮ ಅಲ್ವಾ ಆಂಟಿ, ಇನ್ನೇನ್ ವಿಚಾರಿಸ್ಬೇಕು?’ ಎಂದ.